ನಾಲ್ಕನೇ ಪೈಪಿನ ನಟ್ಟು

ಡೀಸೆಲ್ ಎಂಜಿನ್ನಿಗೆ ಏನು ಕಾಯಿಲೆ ಎಂದು ಹೇಳಲು ನನಗೆ ಕಣ್ಣು ಬೇಕಿರಲಿಲ್ಲ, ಕಿವಿ ಸಾಕಿತ್ತು. ಇದು ಜಂಬವಲ್ಲ. ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ನನ್ನನ್ನು ಪಂಪ್ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಕರೆಯುತ್ತಿದ್ದರು ಎಂದೆ, ಈಗ ಯಾರಾದರೂ ಹಾಗೆ ಕರೆದರೆ ಬೈದು ಕಳಿಸುತ್ತೇನೆ.

ಹಳೆಯ ಎಂಜಿನ್ನಿನ ವಿಷಯ ಸರಳ. ಎಂಜಿನ್ನಿನ ಪಕ್ಕದಲ್ಲೊಂದು ಪಂಪು, ಅದರ ತಲೆಯಿಂದ ಸಿಲಿಂಡರಿಗೆ ಒಂದರಂತೆ ಬೆರಳಿಗಿಂತ ತೆಳ್ಳಗಿನ ಉಕ್ಕಿನ ಪೈಪು. ಪಂಪು ಸರದಿ ಪ್ರಕಾರ ಒಂದೊಂದು ಪೈಪಿಗೂ ಒಂದೊಂದು ಗುಟುಕು ಡೀಸೆಲ್ ತಳ್ಳುತ್ತದೆ. ಆ ಗುಟುಕಿನ ಒತ್ತಡಕ್ಕೇ ಆಚೆ ತುದಿಯಲ್ಲಿ ಸಿಲಿಂಡರಿಗೆ ಡೀಸೆಲ್ ಚಿಮ್ಮುವ ಇಂಜೆಕ್ಟರಿನ ಸ್ಪ್ರಿಂಗ್ ಕುಗ್ಗಿ ಬಾಯಿ ತೆರೆಯುತ್ತದೆ. ಅಷ್ಟೇ. ವೈರಿಲ್ಲ, ಕರೆಂಟಿಲ್ಲ, ಮೇಲಿಂದ ಅಪ್ಪಣೆ ಕೊಡುವ ಪೆಟ್ಟಿಗೆಯಿಲ್ಲ. ಎಂಜಿನ್ ಕುಂಟುತ್ತಿದ್ದರೆ ಒಬ್ಬ ಕ್ಯಾಬಿನ್ನಿನಲ್ಲಿ ಕೂತು ಆಕ್ಸಿಲರೇಟರ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಸ್ಪ್ಯಾನರ್ ಹಾಕಿ ಇಂಜೆಕ್ಟರಿನ ತಲೆಯ ಮೇಲಿನ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಬೇಕು. ಡೀಸೆಲ್ ಪಿಚಪಿಚನೆ ಹೊರಗೆ ಬರುತ್ತದೆ, ಆ ಸಿಲಿಂಡರಿಗೆ ಊಟ ನಿಲ್ಲುತ್ತದೆ. ಆಗ ಎಂಜಿನ್ನಿನ ಸದ್ದು ಇಳಿದರೆ ಆ ಸಿಲಿಂಡರ್ ದುಡಿಯುತ್ತಿತ್ತು ಎಂದರ್ಥ. ಸದ್ದು ಬದಲಾಗದಿದ್ದರೆ ಮೈಗಳ್ಳ ಅವನೇ. ನಟ್ಟು ಬಿಗಿ ಮಾಡಿ, ಬಟ್ಟೆಯಲ್ಲಿ ಒರೆಸಿ, ಮುಂದಿನ ಕೆಲಸ.

ಇದನ್ನು ನನಗೆ ಕಲಿಸಿದವರು ಅಪ್ಪ. ಅಪ್ಪ ಹೋದಾಗ ನನಗೆ ಇಪ್ಪತ್ತನಾಲ್ಕು, ತಮ್ಮನಿಗೆ ಎಂಟು. ಅವನಿಗೆ ಎಡಗೈಯೇ ಮುಂದು, ಆದ್ದರಿಂದ ಮನೆಯಲ್ಲೂ ಬೀದಿಯಲ್ಲೂ ಅವನು ಎಡಚ. ನಾನು ಮದುವೆಯಾಗಲಿಲ್ಲ, ಎಡಚನನ್ನು ಸಾಕಿದೆ, ಕೆಲಸ ಕಲಿಸಿದೆ, ನಲವತ್ತು ದಾಟಿದರೂ ಅವನನ್ನು ಚಿಕ್ಕ ಹುಡುಗನಂತೆ ಗದರುತ್ತಿದ್ದೆ. ಅವನು ಒಂದು ದಿನವೂ ತಿರುಗಿ ಮಾತಾಡಿದವನಲ್ಲ. ಒಳ್ಳೆಯ ಗುಣ ಎಂದು ನಾನು ನಾಲ್ಕು ಜನರ ಮುಂದೆ ಹೊಗಳುತ್ತಿದ್ದೆ. ಈಗ ಅನಿಸುತ್ತದೆ, ಒಂದೇ ಒಂದು ಸಲ ನನ್ನ ಕೆನ್ನೆಗೆ ಬಾರಿಸಿದ್ದರೂ ಚೆನ್ನಾಗಿತ್ತು.

ಹೊಸ ನಮೂನೆಯ ಎಂಜಿನ್ನುಗಳು ನಮ್ಮ ರಿಪೇರಿ ಶೆಡ್ಡಿನ ಬಾಗಿಲಿಗೆ ಬರತೊಡಗಿದಾಗ ಅವನು ಮೂರು ದಿನದ ಕ್ಲಾಸಿಗೆ ಹೋಗಿಬಂದ. ಬಂದವನು ಚಹಾ ಕುಡಿಯುತ್ತಾ ಉತ್ಸಾಹದಿಂದ ಶುರುಮಾಡಿದ.

"ಅಣ್ಣ, ಈಗಿನದ್ರಲ್ಲಿ ಪಂಪಿಗೆ ಸರದಿ ಗಿರದಿ ಏನೂ ಇಲ್ಲ. ಅದರ ಕೆಲಸ ಬರೀ ಒತ್ತಡ ತುಂಬೋದು. ಎಲ್ಲಾ ಸಿಲಿಂಡರಿಗೂ ಸೇರಿ ಒಂದೇ ದಪ್ಪ ಕೊಳವೆ, ಅದಕ್ಕೆ ರೈಲು ಅಂತಾರೆ. ಅದ್ರೊಳಗೆ ಡೀಸೆಲ್ ಯಾವಾಗ್ಲೂ ಒತ್ತಿಕೊಂಡು ಕೂತಿರತ್ತೆ. ಯಾವ ಇಂಜೆಕ್ಟರ್ ಯಾವಾಗ ಬಾಯಿ ತೆಗೀಬೇಕು ಅನ್ನೋದನ್ನ ಕಂಪ್ಯೂಟರ್ ಕರೆಂಟ್ ಕೊಟ್ಟು ಹೇಳತ್ತೆ."

"ಓಹೋ. ಕಂಪ್ಯೂಟರಿಗೆ ಜ್ವರ ಬಂದ್ರೆ?"

"ತಮಾಷೆ ಅಲ್ಲ ಅಣ್ಣ. ನಮ್ಮ ಹಳೇದ್ರಲ್ಲಿ ಒತ್ತಡ ಇನ್ನೂರು ಅಂದ್ರೆ, ಇದ್ರಲ್ಲಿ ಸಾವಿರದಾರುನೂರು. ಎಂಜಿನ್ ಓಡ್ತಿರುವಾಗ ನಟ್ ಮುಟ್ಟಲೇಬಾರ್ದಂತೆ. ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಬಿಟ್ಟು ಮುಟ್ಟಬೇಕಂತೆ."

"ಮತ್ತೆ ಮೆಕ್ಯಾನಿಕ್ ಏನ್ ಮಾಡ್ಬೇಕು? ದೂರ ನಿಂತು ನಮಸ್ಕಾರ ಹಾಕ್ಬೇಕಾ?"

ಅವನು ನಕ್ಕು ಚಹಾದ ಲೋಟ ತೊಳೆದಿಟ್ಟ. ನನಗೆ ಆ ಅಂಕಿಗಳು ಅರ್ಥವಾಗಲಿಲ್ಲ ಎಂದಲ್ಲ. ಚೆನ್ನಾಗಿ ಅರ್ಥವಾಯಿತು. ನಾನು ಕಲಿಸದ ವಿಷಯವನ್ನು ಅವನು ಬೇರೆ ಯಾರಿಂದಲೋ ಕಲಿತು ಬಂದದ್ದು ನನ್ನ ಹೊಟ್ಟೆ ಉರಿಸಿತು. ಇಷ್ಟನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಆ ದಿನ ಬೆಳಗ್ಗೆ ಹತ್ತು ಗಂಟೆಗೆ ನೀರಿನ ಟ್ಯಾಂಕರ್ ಬಂತು. ಆರು ಸಿಲಿಂಡರ್, ಹೊಸ ನಮೂನೆಯದು. ಕುಂಟುತ್ತಿತ್ತು, ಏರು ಹತ್ತುತ್ತಿರಲಿಲ್ಲ. ಯಜಮಾನ ಹಳೆಯ ಪರಿಚಯದವನು, ಬಂದವನೇ ಬಾಗಿಲಲ್ಲಿ ನಿಂತು ಗಡಿಯಾರ ನೋಡತೊಡಗಿದ. ಎಡಚ ಬಾನೆಟ್ ಒಳಗೆ ತಲೆ ಹಾಕಿ ನೋಡಿ ಹೇಳಿದ:

"ಅಣ್ಣ, ಸ್ಕ್ಯಾನರ್ ಹಾಕಿ ನೋಡೋಣ, ಕಾಯಿಲೆ ಎಲ್ಲಿದೆ ಅಂತ ಕಂಪ್ಯೂಟರೇ ಹೇಳತ್ತೆ. ಬೀದಿಯ ಆ ತುದಿ ಬ್ಯಾಟರಿಯವನ ಹತ್ರ ಇದೆ. ಅರ್ಧ ಗಂಟೇಲಿ ತರ್ತೀನಿ."

"ಒಂದು ಸಿಲಿಂಡರ್ ಹುಡುಕೋಕೆ ಅರ್ಧ ಗಂಟೆನಾ?" ಎಂದೆ, ಯಜಮಾನನಿಗೆ ಕೇಳುವಂತೆ. "ನನ್ನ ಕಿವಿ ಇನ್ನೂ ಸತ್ತಿಲ್ಲ. ಹಿಂದಿನ ಮೂರರಲ್ಲೇ ಇದೆ ಕಾಯಿಲೆ. ನಾಲ್ಕರಿಂದ ಶುರು ಮಾಡು. ನಾನು ಆಕ್ಸಿಲರೇಟರ್ ಹಿಡೀತೀನಿ."

"ಇದ್ರಲ್ಲಿ ಬೇಡ ಅಂದಿದ್ರು ಅಣ್ಣ."

"ಯಾರು? ಮೂರು ದಿನ ಪಾಠ ಹೇಳಿದವ್ನಾ? ನಾನು ಮೂವತ್ತು ವರ್ಷ ಹೇಳಿದ್ದು ನೀರಲ್ಲಿ ಹೋಮ ಆಯ್ತಾ?"

ಯಜಮಾನ ಹಲ್ಲು ಕಿರಿದು, ಸಂಜೆ ಬರುತ್ತೇನೆಂದು ಹೊರಟುಹೋದ. ಎಡಚನ ಮುಖ ಸಪ್ಪಗಾಯಿತು. ಅವನು ಸ್ಪ್ಯಾನರ್ ಕೈಗೆತ್ತಿಕೊಂಡ. ಆ ಮೂಲೆಗೆ ಬಲಗೈಯವರಿಗೆ ಕೈ ಹಾಕಲು ಕಷ್ಟ, ಅವನಿಗಾದರೆ ಸಲೀಸು. ನಾನು ಕ್ಯಾಬಿನ್ ಹತ್ತಿ ಕೂತೆ. "ಹೂಂ" ಎಂದು ಅವನು ಕೂಗಿದ. ನಾನು ಒತ್ತಿದೆ, ಸದ್ದು ಚೆನ್ನಾಗಿ ಕೇಳಲಿ ಎಂದು ಇನ್ನೂ ಒತ್ತಿದೆ. ಹಳೆಯ ಎಂಜಿನ್ನಿನಲ್ಲಿ ಅದು ಬರೀ ಸದ್ದು. ಇದರಲ್ಲಿ ನನ್ನ ಕಾಲು ಒತ್ತಿದಷ್ಟೂ ಆ ರೈಲಿನೊಳಗಿನ ಒತ್ತಡ ಏರುತ್ತಿತ್ತು.

ಚುಯ್ ಎಂದು ಒಂದು ಸಣ್ಣ ಸದ್ದು ಬಂತು, ಎಂಜಿನ್ ತಾನಾಗಿಯೇ ನಿಂತುಬಿಟ್ಟಿತು. ಎಡಚ ಕೂಗಲಿಲ್ಲ. ಕೂಗಿದ್ದರೆ ನಾನು ಓಡಿ ಇಳಿಯುತ್ತಿದ್ದೆನೋ ಏನೋ. ನಿಧಾನಕ್ಕೆ ಇಳಿದು ಬಂದೆ. ಬಾನೆಟ್ ಸುತ್ತ ಮಂಜಿನ ಹಾಗೆ ಡೀಸೆಲ್ ತೇಲುತ್ತಿತ್ತು. ಅವನು ಎಡಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತಿದ್ದ.

"ಏನಾಯ್ತೋ?"

"ತಗುಲ್ತು ಅಣ್ಣ."

ನೋಡಿದೆ. ತೋರುಬೆರಳಿನ ಬುಡದಲ್ಲಿ, ಅಂಗೈ ಕಡೆಗೆ, ಒಂದು ಚುಕ್ಕೆ. ರಕ್ತ ಕೂಡ ಇಲ್ಲ. ಪೆನ್ಸಿಲ್ ಮೊನೆ ತಾಗಿದಷ್ಟು.

"ಇಷ್ಟೇನಾ?"

"ಕ್ಲಾಸಲ್ಲಿ ಹೇಳಿದ್ರು ಅಣ್ಣ. ಚರ್ಮದೊಳಗೆ ಹೋದ್ರೆ ನೋವಿಲ್ಲ ಅಂತ ಸುಮ್ನೆ ಕೂರಬಾರ್ದು, ಆ ಕ್ಷಣವೇ ಆಸ್ಪತ್ರೆಗೆ ಹೋಗ್ಬೇಕು ಅಂತ."

ನಾನು ಜೋರಾಗಿ ನಕ್ಕೆ. "ಸೂಜಿ ಚುಚ್ಚಿದ್ದಕ್ಕೆ ಆಸ್ಪತ್ರೆನಾ? ಮದುವೆ ಆದ್ಮೇಲೆ ಮೈ ಬೆಣ್ಣೆ ಆಗ್ಬಿಟ್ಟಿದೆ ಕಣೋ ನಿಂದು. ನಲವತ್ತು ವರ್ಷ ಡೀಸೆಲ್‌ನಲ್ಲೇ ಕೈ ತೊಳೆದಿದ್ದೀನಿ ನಾನು, ಏನಾಗಿದೆ ನನಗೆ? ಹೋಗು, ಸೋಪು ಹಾಕಿ ತೊಳ್ಕೊಂಡು ಬಾ."

ಅವನು ಹೋಗಿ ತೊಳೆದುಕೊಂಡು ಬಂದ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಆಮೇಲೆ ಅವನೇ ಬ್ಯಾಟರಿಯವನ ಹತ್ತಿರ ಹೋಗಿ ಸ್ಕ್ಯಾನರ್ ತಂದ. ವೈರು ಸಿಕ್ಕಿಸಿ ಹತ್ತು ನಿಮಿಷದಲ್ಲಿ ಕಾಯಿಲೆ ಹಿಡಿದ. ಐದನೇ ಇಂಜೆಕ್ಟರಿಗೆ ಕರೆಂಟ್ ಕೊಡುವ ಪ್ಲಗ್ಗಿನ ಒಳಗೆ ಹಸಿರು ಕಿಲುಬು ಕಟ್ಟಿತ್ತು. ಕೆರೆದು ಮತ್ತೆ ಸಿಕ್ಕಿಸಿದ, ಟ್ಯಾಂಕರ್ ಸರಿಹೋಯಿತು. ಡೀಸೆಲ್ಲಿಗೂ ಆ ಕಾಯಿಲೆಗೂ ಸಂಬಂಧವೇ ಇರಲಿಲ್ಲ. ಯಾವ ನಟ್ಟು ಸಡಿಲಿಸಿದ್ದರೂ ಅದು ಸರಿಹೋಗುತ್ತಿರಲಿಲ್ಲ. ಕಿಲುಬು ಕೆರೆಯುವಾಗ ಅವನು ಎಡಗೈ ಬಿಟ್ಟು ಬಲಗೈಯಲ್ಲಿ ಒದ್ದಾಡುತ್ತಿದ್ದುದನ್ನು ನಾನು ನೋಡಿದೆ. "ಬೆರಳು ಜೋಮು ಹಿಡಿದಿದೆ ಅಣ್ಣ" ಎಂದ. ನಾನು ಕೇಳಿಸಿಕೊಂಡೂ ಕೇಳದವನಂತೆ ಬೇರೊಬ್ಬ ಗಿರಾಕಿಯ ಜೊತೆ ಮಾತಾಡುತ್ತಿದ್ದೆ.

ನಾಲ್ಕು ಗಂಟೆಯ ಹೊತ್ತಿಗೆ ಅಂಗೈ ಊದಿಕೊಂಡಿತ್ತು. ಬೆರಳು ಬಿಳುಚಿತ್ತು. ಗಾಡಿ ತೆಗೆದುಕೊಂಡು ಹೋಗಲು ಬಂದ ಟ್ಯಾಂಕರ್ ಯಜಮಾನನೇ ನೋಡಿ, "ಏನ್ರೀ ಇದು, ಹತ್ತಿ ಗಾಡಿ" ಎಂದು ನಮ್ಮಿಬ್ಬರನ್ನೂ ಬಸ್ ನಿಲ್ದಾಣದ ಎದುರಿನ ಸಣ್ಣ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅಲ್ಲಿದ್ದವರು ವಯಸ್ಸಾದ ಡಾಕ್ಟರು. ಹೊರಗೆ ಹದಿನೈದು ಜನ ಕಾಯುತ್ತಿದ್ದರು. ಅವರು ಕೈ ತಿರುಗಿಸಿ ನೋಡಿ ಕೇಳಿದರು:

"ಏನು ಚುಚ್ಚಿದ್ದು?"

ಎಡಚ ಬಾಯಿ ತೆರೆದ. ಅವನಿಗಿಂತ ಮೊದಲು ನಾನು ಹೇಳಿಬಿಟ್ಟೆ:

"ತಂತಿ, ಡಾಕ್ಟ್ರೇ. ತುಕ್ಕು ಹಿಡಿದ ತಂತಿ."

ಯಾಕೆ ಹೇಳಿದೆ? ಯಜಮಾನ ಪಕ್ಕದಲ್ಲೇ ನಿಂತಿದ್ದ. ಡೀಸೆಲ್ ಎಂದರೆ ಹೇಗೆ ಎಂದು ಕೇಳುತ್ತಾರೆ, ಹೇಗೆ ಎಂದರೆ ಓಡುವ ಎಂಜಿನ್ನಿನ ನಟ್ಟು ಬಿಚ್ಚಿಸಿದ್ದು ಯಾರು ಎಂದಾಗುತ್ತದೆ. ಪಂಪ್ ಡಾಕ್ಟರಿಗೆ ಹೊಸ ಎಂಜಿನ್ ಗೊತ್ತಿಲ್ಲವಂತೆ ಎಂದು ಮರುದಿನ ಬೀದಿಯೆಲ್ಲ ನಗುತ್ತದೆ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಹೇಳಿಕೊಳ್ಳಲಾದರೂ ಆಗುತ್ತಿತ್ತು.

ಎಡಚ ನನ್ನ ಮುಖ ನೋಡಿದ. ಆಮೇಲೆ ತಲೆ ಬಗ್ಗಿಸಿದ. ಡಾಕ್ಟರು ತುಕ್ಕಿಗೆಂದು ಒಂದು ಇಂಜೆಕ್ಷನ್ ಕೊಟ್ಟು, ನೋವಿಗೆ ಮಾತ್ರೆ ಬರೆದು, ಮುಂದಿನವರನ್ನು ಕರೆದರು. ಅವರ ತಪ್ಪಿಲ್ಲ. ತಂತಿಗೆ ಕೊಡುವ ಮದ್ದನ್ನು ಅವರು ಸರಿಯಾಗಿಯೇ ಕೊಟ್ಟರು.

ನಾವು ಇರುವುದು ಶೆಡ್ಡಿನ ಮೇಲಿನ ಮನೆಯಲ್ಲಿ, ಹಿಂದಿನ ಕೋಣೆ ನನ್ನದು, ಉಳಿದದ್ದು ಅವರದು. ಎಡಚನ ಹೆಂಡತಿ ಬಟ್ಟೆ ಅಂಗಡಿಯೊಂದರಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಬಂದವಳು ಚೀಲ ಕೂಡ ಇಳಿಸದೆ ಗಂಡನ ಕೈ ಹಿಡಿದು ನೋಡಿದಳು.

"ಏನಿದು?"

"ತಂತಿ ಚುಚ್ತು" ಎಂದ ಎಡಚ.

"ಭಾವ, ತಂತಿನಾ ಇದು?" ಎಂದು ಅವಳು ನನ್ನ ಕಡೆ ತಿರುಗಿದಳು. "ದಿನಾ ಸೂಜಿ ಚುಚ್ಚಿಸ್ಕೊಳ್ಳೋಳು ನಾನು. ಚುಚ್ಚಿದ್ದು ಹೇಗಿರತ್ತೆ ಅಂತ ನನಗೆ ಗೊತ್ತಿಲ್ವಾ? ಚುಚ್ಚಿದ್ರೆ ರಕ್ತ ಬರತ್ತೆ, ಕೆಂಪಗಾಗತ್ತೆ. ಇದು ಬೆಳ್ಳಗೆ ಕಲ್ಲಿನ ಹಾಗಿದೆ."

"ಡಾಕ್ಟ್ರು ನೋಡಿದಾರಲ್ಲಮ್ಮ. ಮಾತ್ರೆ ಕೊಟ್ಟಿದಾರೆ. ಬೆಳಗ್ಗೆಗೆ ಇಳಿಯತ್ತೆ. ಸುಮ್ನೆ ತಲೆ ಕೆಡಿಸ್ಕೋಬೇಡ."

ಅವಳು ಚೀಲ ಇಳಿಸಿ ಒಳಗೆ ಹೋದಳು. ನಮ್ಮ ಮನೆಯಲ್ಲಿ ನಾನು ಹೇಳಿದ ಮೇಲೆ ಮಾತು ಮುಗಿಯುತ್ತಿತ್ತು. ಅದೊಂದು ಅಭ್ಯಾಸ, ಅವಳಿಗೂ ಬಂದುಬಿಟ್ಟಿತ್ತು.

ಬೆಳಗ್ಗೆ ಆರಕ್ಕೆ ಅವಳು ನನ್ನ ಬಾಗಿಲು ಬಡಿದಳು. ಹೋಗಿ ನೋಡಿದೆ. ಅಂಗೈ ನೀಲಿಗಟ್ಟಿತ್ತು, ಬೆರಳುಗಳು ಮಡಚಿಕೊಂಡಿದ್ದವು, ಊತ ಮೊಣಕೈವರೆಗೆ ಏರಿತ್ತು. ಎಡಚನ ಮೈ ಕೆಂಡದ ಹಾಗೆ ಸುಡುತ್ತಿತ್ತು. ಹಲ್ಲು ಕಚ್ಚಿಕೊಂಡು ಕೂತಿದ್ದ. ಬಾಡಿಗೆ ಕಾರು ಹಿಡಿದು ದೊಡ್ಡ ಆಸ್ಪತ್ರೆಗೆ ಹೋದೆವು.

ಸರ್ಜನ್ ನನ್ನ ತಮ್ಮನ ವಯಸ್ಸಿನ ಹೆಂಗಸು. ಕೈ ನೋಡುತ್ತಲೇ ಅವರ ಮುಖ ಗಂಭೀರವಾಯಿತು.

"ಯಾವಾಗ ಆಗಿದ್ದು? ಏನು ಚುಚ್ಚಿದ್ದು?"

ಈ ಸಲ ನಾನು ಬಾಯಿ ಬಿಡಲಿಲ್ಲ. ಎಡಚನೇ ಹೇಳಲಿ, ಅವನು ನಿಜ ಹೇಳಿಬಿಡಲಿ, ನನ್ನ ತಲೆಯ ಭಾರ ಇಳಿಯಲಿ ಎಂದು ಕಾದೆ. ನಡುಗುತ್ತಾ, ಜ್ವರದಲ್ಲಿ ಒದ್ದಾಡುತ್ತಾ ಅವನು ಹೇಳಿದ:

"ತಂತಿ, ಮೇಡಂ. ನಿನ್ನೆ ಬೆಳಗ್ಗೆ. ತುಕ್ಕು ಹಿಡಿದ ತಂತಿ."

ನಾನು ಹೇಳಿದ ಮಾತನ್ನು ಒಂದು ಅಕ್ಷರ ತಪ್ಪದೆ ಒಪ್ಪಿಸಿದ. ಹೆಂಡತಿ ಪಕ್ಕದಲ್ಲಿದ್ದಳು, ಸರ್ಜನ್ ಎದುರಿಗಿದ್ದರು, ಕೈ ಸಾಯುತ್ತಿತ್ತು, ಅವನಿಗೆ ಅಣ್ಣನ ಮರ್ಯಾದೆಯ ಚಿಂತೆ. ಅಯ್ಯೋ, ಇಂಥವನನ್ನು ಹೀಗೆ ಬೆಳೆಸಿದ ನನ್ನ ಕೈ ಸೇದಿಹೋಗಬಾರದಿತ್ತೇ ಎನಿಸಿತು.

"ಸುಳ್ಳು" ಎಂದೆ. "ಸುಳ್ಳು ಮೇಡಂ. ತಂತಿ ಅಲ್ಲ, ಡೀಸೆಲ್. ಓಡೋ ಎಂಜಿನ್ನಿನ ಪೈಪಿಂದ ನುಗ್ಗಿದ್ದು. ಇವನು ಬೇಡ ಅಂದ. ನಾನೇ ಬಿಚ್ಚಿಸಿದೆ. ತಂತಿ ಅಂತ ಹೇಳಿದ್ದೂ ನಾನೇ."

ಸರ್ಜನ್ ಬರೆಯುವುದನ್ನು ನಿಲ್ಲಿಸಿದರು. "ಎಷ್ಟು ಒತ್ತಡ ಇತ್ತು?"

"ಸಾವಿರದಾರುನೂರು ಮೇಡಂ" ಎಂದ ಎಡಚ, ಮೆಲ್ಲಗೆ.

ಅವರು ನರ್ಸನ್ನು ಕೂಗಿ ಆಪರೇಷನ್ ಕೋಣೆ ಸಿದ್ಧಮಾಡಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದರು: "ಹೊರಗೆ ಒಂದು ಚುಕ್ಕೆ, ಒಳಗೆ ಡೀಸೆಲ್ ಸ್ನಾಯು ಸೀಳ್ಕೊಂಡು ಮುಂಗೈ ತನಕ ಹೋಗಿರತ್ತೆ. ನಿನ್ನೆ ಬೆಳಗ್ಗೆನೇ ಬಂದು ಡೀಸೆಲ್ ಅಂದಿದ್ರೆ ತೆರೆದು ತೊಳೀತಿದ್ವಿ. ಸಂಜೆ ಅಂದಿದ್ರೂ ಪರವಾಗಿರ್ಲಿಲ್ಲ. ಈಗ ನೋಡ್ಬೇಕು."

ಸಂಜೆ. ಸಂಜೆ ನಾನು ಬಸ್ ನಿಲ್ದಾಣದ ಎದುರು ಡಾಕ್ಟರ ಮುಂದೆ ನಿಂತಿದ್ದೆ. ಡೀಸೆಲ್ ಎಂಬ ಮೂರಕ್ಷರದ ಮಾತು, ಹೇಳಲಿಲ್ಲ.

ಹೊರಗಿನ ಬೆಂಚಿನ ಮೇಲೆ ನಾನೂ ಎಡಚನ ಹೆಂಡತಿಯೂ ಕೂತೆವು. ಅವಳು ಎದುರಿನ ಗೋಡೆಯನ್ನು ನೋಡುತ್ತಲೇ ಕೇಳಿದಳು.

"ನಿನ್ನೆ ಸಂಜೆ ನಾನು ಕೇಳಿದೆ. ಕೇಳಿದೆ ತಾನೇ ಭಾವ?"

"ಕೇಳಿದೆ."

"ನೀವು ತಲೆ ಕೆಡಿಸ್ಕೋಬೇಡ ಅಂದ್ರಿ. ರಾತ್ರಿಯೆಲ್ಲ ಅವರು ನರಳ್ತಿದ್ರು. ಅಣ್ಣ ಹೇಳಿದಾನಲ್ಲ, ಬೆಳಗ್ಗೆ ಇಳಿಯತ್ತೆ ಅಂತ ನನಗೇ ಸಮಾಧಾನ ಮಾಡ್ತಿದ್ರು."

"ತಪ್ಪಾಯ್ತಮ್ಮ."

"ಆ ಮಾತು ಇಟ್ಕೊಳ್ಳಿ" ಎಂದಳು. "ನನಗೆ ಅದರಿಂದ ಏನೂ ಹೊಲಿಯೋಕಾಗಲ್ಲ."

ಎದ್ದು ಹೋಗಿ ಬೇರೆ ಬೆಂಚಿನ ಮೇಲೆ ಕೂತಳು. ನಾನು ಅಲ್ಲೇ ಕೂತೆ.

ಅಂಗೈಯಿಂದ ಮೊಣಕೈವರೆಗೆ ಸೀಳಿ ತೊಳೆದರು. ತೆರೆದಾಗ ಒಳಗಿನಿಂದ ಡೀಸೆಲ್ ವಾಸನೆ ಬಂತೆಂದು ನರ್ಸ್ ಹೇಳಿದಳು. ಎರಡು ದಿನ ಬಿಟ್ಟು ಮತ್ತೆ ತೊಳೆದರು. ನಾನು ಶೆಡ್ಡಿಗೆ ಬೀಗ ಹಾಕಿ ಆಸ್ಪತ್ರೆಯಲ್ಲೇ ಬಿದ್ದಿದ್ದೆ. ಎಡಚ ಎಚ್ಚರವಿದ್ದಾಗಲೆಲ್ಲ ನನ್ನನ್ನು ನಗಿಸಲು ನೋಡುತ್ತಿದ್ದ. "ಟ್ಯಾಂಕ್ ಫುಲ್ ಅಣ್ಣ, ನನ್ನನ್ನೇ ಸ್ಟಾರ್ಟ್ ಮಾಡ್ಬಹುದು" ಎಂದ ಒಂದು ದಿನ. ನನಗೆ ನಗು ಬರಲಿಲ್ಲ, ಹೊರಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದೆ. ಅವನ ಹೆಂಡತಿ ನನ್ನೊಂದಿಗೆ ಮಾತು ಬಿಟ್ಟಿದ್ದಳು. ಆದರೂ ಮನೆಯಿಂದ ತರುವ ಬುತ್ತಿಯಲ್ಲಿ ನನ್ನ ಪಾಲು ಇರುತ್ತಿತ್ತು. ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ನನ್ನ ಕಡೆ ನೋಡದೆ ಹೋಗುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಡಬ್ಬಿಯನ್ನು ತಡೆದುಕೊಳ್ಳಲಾಗಲಿಲ್ಲ.

ಐದನೆಯ ದಿನ ಮಧ್ಯಾಹ್ನ ಸರ್ಜನ್ ಬಂದು ಬ್ಯಾಂಡೇಜು ಬಿಚ್ಚಿ ನೋಡಿದರು. ಬೆರಳುಗಳು ಕಪ್ಪಾಗಿದ್ದವು. ಅವರು ಕುರ್ಚಿ ಎಳೆದುಕೊಂಡು ಕೂತರು. ಡಾಕ್ಟರು ಕೂತು ಮಾತಾಡಿದರೆ ಒಳ್ಳೆಯದಲ್ಲವೆಂದು ಆ ಐದು ದಿನದಲ್ಲಿ ಕಲಿತಿದ್ದೆ.

"ಬೆರಳಿಗೆ ರಕ್ತ ಹೋಗ್ತಾ ಇಲ್ಲ. ಸೋಂಕು ಮೇಲಕ್ಕೆ ಏರ್ತಿದೆ. ಮಣಿಕಟ್ಟಿನ ಮೇಲೆ ಕೈ ತೆಗೀಬೇಕಾಗತ್ತೆ. ಇವತ್ತೇ ಆದ್ರೆ ಅಷ್ಟಕ್ಕೆ ನಿಲ್ಲತ್ತೆ. ನಾಳೆ ಅಂದ್ರೆ ಮೊಣಕೈ. ಆಮೇಲೆ ನಾನು ಯಾವ ಭರವಸೆನೂ ಕೊಡಲ್ಲ."

ಒಪ್ಪಿಗೆಯ ಕಾಗದವನ್ನು ಮಂಚದ ಮೇಲಿಟ್ಟರು. ಎಡಚನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಎಡಚ ಸರ್ಜನ್ನನ್ನು ನೋಡಲಿಲ್ಲ, ಹೆಂಡತಿಯನ್ನೂ ನೋಡಲಿಲ್ಲ. ನನ್ನ ಕಡೆ ತಿರುಗಿದ.

"ಏನ್ ಮಾಡ್ಲಿ ಅಣ್ಣ?"

ಅವನ ಹೆಂಡತಿಗೆ ಎಲ್ಲಿತ್ತೋ ಸಿಟ್ಟು, ಒಮ್ಮೆಲೇ ಉಕ್ಕಿಬಂತು. "ಅವರನ್ನ ಯಾಕೆ ಕೇಳ್ತೀರಿ? ಇಷ್ಟಾದ ಮೇಲೂ ಅವರನ್ನೇ ಕೇಳ್ತೀರಾ? ಕೈ ನಿಮ್ದು! ಒಂದು ಸಲ, ಒಂದೇ ಒಂದು ಸಲ ನಿಮ್ಮ ಬಾಯಲ್ಲಿ ನೀವೇ ಹೇಳಿ!"

"ನನಗೆ ಹೆದರಿಕೆ ಆಗ್ತಿದೆ ಕಣೇ" ಎಂದ ಅವನು. "ಅಣ್ಣ ಹೇಳಿದ್ರೆ ಧೈರ್ಯ ಬರತ್ತೆ."

ನನಗೆ ಗೊತ್ತಿಲ್ಲ ಕಣೋ, ನನ್ನನ್ನು ಕೇಳಬೇಡ ಎಂದು ಹೇಳಬೇಕೆನಿಸಿತು. ಹಾಗೆ ಹೇಳಿದ್ದರೆ ಅದೂ ತಪ್ಪಿಸಿಕೊಳ್ಳುವ ದಾರಿಯೇ ಆಗುತ್ತಿತ್ತು. ನನ್ನ ಕೈ ತೆಗೆದುಕೊಳ್ಳಿ ಎಂದು ಹೇಳಬೇಕೆನಿಸಿತು, ಅದನ್ನು ಯಾರೂ ಕೇಳಿರಲಿಲ್ಲ. ನನ್ನ ಎರಡು ಮಾತಿನಿಂದ ಹಾಳಾದ ಕೈ ನನ್ನ ಮೂರನೆಯ ಮಾತಿಗೆ ಕಾಯುತ್ತಿತ್ತು.

"ತೆಗೆಸು" ಎಂದೆ.

ಅವನ ಹೆಂಡತಿ ಅಳುತ್ತಲೇ ಸಹಿ ಹಾಕಿದಳು. ಸರ್ಜನ್ ಕಾಗದ ತೆಗೆದುಕೊಂಡು ಹೋದರು. ಎಡಚ ದಿಂಬಿಗೆ ಒರಗಿ ಕಣ್ಣು ಮುಚ್ಚಿದ. ಐದು ದಿನದಿಂದ ಬಿಗಿದುಕೊಂಡಿದ್ದ ಅವನ ಮುಖ ಸಡಿಲವಾಯಿತು. ಅಣ್ಣ ಹೇಳಿದ್ದಾನೆ, ಇನ್ನು ಎಲ್ಲ ಸರಿಹೋಗುತ್ತದೆ ಎಂಬಂತೆ ನಿರಾಳವಾಗಿ ಉಸಿರು ಬಿಟ್ಟ. ಅವನಿಗೆ ನನ್ನ ಮೇಲೆ ಇನ್ನೂ ಅಷ್ಟೇ ನಂಬಿಕೆಯಿತ್ತು. ಕೈ ಹೋಗುತ್ತದೆ ಎಂದಾಗ ನಾನು ಅತ್ತಿರಲಿಲ್ಲ, ಅದನ್ನು ನೋಡಿ ಅತ್ತೆ.